ಬೆನ್ನ ಹಿಂದಿನ ಮಾತು

ಬೆನ್ನ ಹಿಂದೆ ಆಡುವ ಮಾತಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಆದರೆ ಮೂವತ್ತು ವರ್ಷ ಸ್ಕೂಟರು ನಡೆಸಿದ ನನಗೆ ಬೆನ್ನ ಹಿಂದಿನಿಂದ ಬಂದ ಮಾತೇ ಅನೇಕ ಸಲ ಕೈಕಾಲು ಉಳಿಸಿಕೊಟ್ಟಿದೆಯೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದು ಬಾಯಿಯ ಮಾತಲ್ಲ. ಓಡುವ ಗಾಡಿಯ ಮೇಲೆ ಬಾಯಿಯ ಮಾತು ಗಾಳಿಯ ಪಾಲು. ಹಿಂದಿನ ಪೀಠದಲ್ಲಿ ಕುಳಿತ ನಮ್ಮ ಮನೆಯಾಕೆ ನನ್ನ ಭುಜವನ್ನು ಒಮ್ಮೆ ತಟ್ಟಿದರೆ ‘ನಿಧಾನ’ ಎಂದರ್ಥ. ಎರಡು ಸಲ ತಟ್ಟಿದರೆ ‘ನಿಲ್ಲಿಸಿ’. ಅಂಗಿಯ ಕಾಲರನ್ನೇ ಹಿಡಿದೆಳೆದರೆ ‘ತರಕಾರಿ ಅಂಗಡಿ ಹಿಂದಕ್ಕೆ ಹೋಯಿತು’. ಈ ಸಂಕೇತಗಳನ್ನು ನಾವು ಯಾವ ಶಾಲೆಯಲ್ಲಿಯೂ ಕಲಿತದ್ದಲ್ಲ. ಸಂಸಾರ ಸಾಗಿದಂತೆ ತಾವಾಗಿಯೇ ಹುಟ್ಟಿಕೊಂಡವು. ವಾಚಕರಲ್ಲಿ ಅನೇಕರ ಮನೆಯಲ್ಲಿಯೂ ಇಂಥದೊಂದು ಭಾಷೆ ಇದ್ದೇ ಇರುತ್ತದೆ.

ಈ ಹಳೆಯ ಭಾಷೆಯ ನೆನಪನ್ನು ತಂದುದು ನಮ್ಮ ಅಣ್ಣನ ಮಗ. ಅವನಿರುವುದು ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಉತ್ತರ ಭಾಗದಲ್ಲಿ. ಕಳೆದ ದಸರೆಯ ರಜೆಗೆ ಹೆಂಡತಿಯೊಡನೆ ಅರಸೀಕೆರೆಗೆ ಬಂದಿದ್ದ. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿ, ಕಾಡಿನ ದಾರಿಗಳೆಲ್ಲ ಹಿಮದಿಂದ ಮುಚ್ಚಿಹೋದಾಗ, ಜನರು ‘ಸ್ನೋಮೊಬೈಲ್’ ಎಂಬ ಗಾಡಿಯನ್ನು ಏರಿ ಹೊರಡುತ್ತಾರಂತೆ. ನಮ್ಮ ಮೋಟಾರ್ ಸೈಕಲ್ಲಿನಂತೆಯೇ ಕೂರುವ ಪೀಠ, ಹಿಡಿಯುವ ಹಿಡಿ. ಆದರೆ ಮುಂದೆ ಚಕ್ರದ ಬದಲು ಜಾರುಹಲಗೆ, ಹಿಂದೆ ಟ್ಯಾಂಕಿಗೆ ಇರುವಂಥ ಓಡುವ ಪಟ್ಟಿ. ಇದನ್ನು ನಡೆಸುವಾಗ ಹೆಲ್ಮೆಟ್ಟಿನೊಳಗೆ ಹಾಡು ಕೇಳಲೆಂದು ಅವನು ಒಂದು ಹೆಡ್‌ಸೆಟ್ ಕೊಂಡಿದ್ದ. ಕಿವಿಯ ಬಳಿ ಎರಡು ಚಪ್ಪಟೆ ಸ್ಪೀಕರುಗಳು, ಬಾಯಿಯ ಮುಂದೆ ಪುಟ್ಟ ಮೈಕು, ಹೊರಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಪೆಟ್ಟಿಗೆ; ಇಷ್ಟೇ ಅದರ ಶರೀರ. ಅದನ್ನು ಇಲ್ಲಿಗೂ ತಂದು ನನ್ನ ಮಗನ ಹೆಲ್ಮೆಟ್ಟಿಗೆ ಅಂಟಿಸಿ, ಹೊಯ್ಸಳರ ನಾಡನ್ನು ಹಾಡು ಕೇಳುತ್ತ ಸುತ್ತುವೆನೆಂದು ಹೊರಟ.

ಬಾಣಾವರ, ಜಾವಗಲ್ಲು, ಹಳೇಬೀಡು, ಅಲ್ಲಿಂದ ಹುಲಿಕೆರೆ. ಇದು ನಮ್ಮ ದಾರಿ. ಅವನೂ ಅವನ ಹೆಂಡತಿಯೂ ನನ್ನ ಮಗನ ಮೋಟಾರ್ ಸೈಕಲ್ಲಿನಲ್ಲಿ. ನಾವು ಮೂವರು ಹಿಂದೆ ಕಾರಿನಲ್ಲಿ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನನ್ನು ನೋಡಿದೆವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವವರಿಗೆ ಹುಲಿಕೆರೆಯ ಕೊಳವನ್ನೂ ನೋಡಿಹೋಗಿರೆಂದು ನಾನು ಹೇಳುವುದುಂಟು. ಹಾಗೆಯೇ ಇವರಿಗೂ ಹೇಳಿ ಆ ಸಣ್ಣ ರಸ್ತೆಗೆ ತಿರುಗಿಸಿದೆವು.

ಊರು ಇನ್ನೂ ಒಂದು ಕಿಲೋಮೀಟರು ಇದ್ದಿರಬಹುದು. ಸೊಸೆಯ ದುಪಟ್ಟಾದ ಒಂದು ತುದಿ ಜಾರಿ ಹಿಂಚಕ್ರದ ಪಕ್ಕದಲ್ಲಿ ಹಾವಿನ ಹೆಡೆಯಂತೆ ಆಡುತ್ತಿರುವುದು ಕಾರಿನಲ್ಲಿದ್ದ ನಮಗೆ ಕಾಣಿಸಿತು. ಮಗ ಹಾರನ್ ಬಾರಿಸಿದ. ಮುಂದಿನವನು ನಮಗೆ ದಾರಿ ಬೇಕೆಂದು ತಿಳಿದು ಸೌಜನ್ಯದಿಂದ ಪಕ್ಕಕ್ಕೆ ಸರಿದು ಕೈ ಬೀಸಿದ. ವೇಗವನ್ನು ಮಾತ್ರ ಇಳಿಸಲಿಲ್ಲ. ಅಷ್ಟರಲ್ಲಿ ಅವಳಿಗೂ ತಿಳಿಯಿತು. ಅವನ ಬೆನ್ನಿಗೆ ಗುದ್ದಿದಳು. ಅವನು ತಲೆಯಾಡಿಸಿದ, ಹಾಡು ಅವಳಿಗೂ ಹಿಡಿಸಿತೆಂದು ಅವನ ಭಾವನೆ! ಮರುಕ್ಷಣದಲ್ಲಿ ಬಟ್ಟೆ ಚಕ್ರಕ್ಕೆ ಸಿಕ್ಕಿತು. ಪುಣ್ಯಕ್ಕೆ ಆ ಹುಡುಗಿ ಕತ್ತಿನ ಸುತ್ತು ಇದ್ದುದನ್ನು ಆಗಲೇ ಬಿಡಿಸಿ ಕೈಬಿಟ್ಟಿದ್ದಳು. ಎರಡೂವರೆ ಗಜದ ಬಟ್ಟೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಕ್ರಕ್ಕೆ ಸುತ್ತಿಕೊಂಡಿತು. ಗಾಡಿ ಒಲೆದಾಡಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾರಿನಿಂದ ಇಳಿದ ನಮ್ಮ ಮನೆಯಾಕೆಯ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ತಪ್ಪು ಒಬ್ಬನದಲ್ಲ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗಕ್ಕೆ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಹೇಳಿದೆ. ಜನ ಇದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ನನ್ನ ಮಗ ಗಾಡಿಯ ಅಂದ ಕೆಡುತ್ತದೆಂದು ಅದನ್ನು ಕಳಚಿ ಅಟ್ಟಕ್ಕೆ ಎಸೆದಿದ್ದ. ಮರುದಿನವೇ ಅದು ಅಟ್ಟದಿಂದಿಳಿದು ತನ್ನ ಸ್ಥಾನಕ್ಕೆ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಹುಲಿಕೆರೆಯ ಕೊಳ ಹೊಯ್ಸಳರ ಕಾಲದ್ದು. ಸುತ್ತಲೂ ಪುಟ್ಟ ಪುಟ್ಟ ಕಲ್ಲುಗುಡಿಗಳು. ನಡುವೆ ಮೆಟ್ಟಿಲು ಮೆಟ್ಟಿಲಾಗಿ ನೀರಿಗೆ ಇಳಿಯುವ ಕಲ್ಲಿನ ಕಟ್ಟಡ. ಆ ಮೆಟ್ಟಿಲ ಮೇಲೆ ಕುಳಿತೆವು. ಯಾರೂ ಮಾತನಾಡಲಿಲ್ಲ. ಕೊನೆಗೆ ನಮ್ಮ ಮನೆಯಾಕೆಯೇ ಬಾಯಿ ತೆರೆದಳು: “ಅಲ್ಲವೋ, ಹೆಂಡತಿ ಬೆನ್ನಿಗೆ ಗುದ್ದಿದರೂ ತಿಳಿಯದಷ್ಟು ಇಂಪಾದ ಹಾಡು ಯಾವುದಪ್ಪಾ ಅದು?”

ಅವನು ತಲೆ ತಗ್ಗಿಸಿ, “ಚಿಕ್ಕಮ್ಮ, ಇನ್ನು ಅದನ್ನು ಮುಟ್ಟುವುದಿಲ್ಲ. ಊರಿಗೆ ಹೋದ ಕೂಡಲೇ ಯಾರಿಗಾದರೂ ಕೊಟ್ಟುಬಿಡುತ್ತೇನೆ” ಎಂದ.

ಆಗ ಸೊಸೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಮಾವ, ಹಿಮದಲ್ಲಿಯೂ ನಾನು ಇವರ ಹಿಂದೆಯೇ ಕೂರುತ್ತೇನೆ. ಕೈಗೆ ದಪ್ಪ ಗವಸು, ಮೈಗೆ ನಾಲ್ಕು ಪದರ ಬಟ್ಟೆ. ಅಲ್ಲಿ ತಟ್ಟಿದರೆ ಇವರಿಗೆ ತಿಳಿಯುವುದೂ ಇಲ್ಲ. ಈ ಯಂತ್ರವನ್ನು ಕೊಟ್ಟುಬಿಡುವುದಕ್ಕಿಂತ ನನಗೂ ಒಂದು ಕೊಡಿಸಲಿ.”

ಸಮಸ್ಯೆಯ ಬೀಗದ ಕೈ ಈ ಮಾತಿನಲ್ಲಿದೆ. ಅವನು ಕೊಂಡದ್ದು ಮಾತಿನ ಯಂತ್ರ. ಬಳಸಿದ್ದು ಹಾಡಿನ ಪೆಟ್ಟಿಗೆಯಂತೆ. ಇಬ್ಬರಿಗೆಂದು ಮಾಡಿದ ಪದಾರ್ಥವನ್ನು ಒಬ್ಬನೇ ಹಾಕಿಕೊಂಡರೆ ಅದು ಅವನ ಕಿವಿಗೆ ಕಟ್ಟಿದ ಗೋಡೆಯಾಗುತ್ತದೆ. ಆದುದರಿಂದ ಮೊದಲನೆಯ ಸೂತ್ರ ಇದು: ಹೆಲ್ಮೆಟ್ಟಿನ ಹೆಡ್‌ಸೆಟ್ಟನ್ನು ಕೊಳ್ಳುವುದಾದರೆ ಜೋಡಿಯಾಗಿ ಕೊಳ್ಳಬೇಕು, ಇಲ್ಲವಾದರೆ ಕೊಳ್ಳಲೇಬಾರದು.

ಹಿಮದ ಗಾಡಿಯ ಹುಟ್ಟಿನ ಕಥೆಯನ್ನು ಬಲ್ಲವರಿಗೆ ಈ ಸೂತ್ರ ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಆರ್ಮಾನ್ ಬೊಂಬಾರ್ಡಿಯೇ ಎಂಬ ಯಂತ್ರಕುಶಲಿ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗು ಕಾಯಿಲೆ ಬಿದ್ದಿತು. ದಾರಿಗಳೆಲ್ಲ ಹಿಮದಿಂದ ಮುಚ್ಚಿದ್ದುವು; ಆಸ್ಪತ್ರೆಗೆ ಸಾಗಿಸಲು ಸಾಧ್ಯವಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಮೊದಲೇ ಪ್ರಯೋಗ ನಡೆಸುತ್ತಿದ್ದ ಅವನು ಛಲ ಬಿಡದೆ ದುಡಿದು, 1937ರಲ್ಲಿ ತನ್ನ ಓಡುಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಪಡೆದ. ಒಬ್ಬಿಬ್ಬರು ಕುಳಿತು ಹೋಗುವ ‘ಸ್ಕಿ-ಡೂ’ ಎಂಬ ಹಗುರವಾದ ಗಾಡಿ 1959ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ವಿನೋದಕ್ಕೆ ಓಡುವ ಈ ಗಾಡಿಯ ಹಿಂದೆ, ಒಬ್ಬರ ಬಳಿಗೆ ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ತಲುಪಲಾಗದೆ ಹೋದ ದುಃಖವಿದೆ. ಅಂಥ ಗಾಡಿಯ ಮೇಲೆ ಕುಳಿತು ಒಂದು ಗೇಣು ಹಿಂದಿರುವವರ ಮಾತು ಕೇಳಿಸದೆ ಹೋಗುವುದು ಸರಿಯೆ?

ಇನ್ನು ಯಂತ್ರದ ವಿಚಾರ. ಮರುದಿನ ರಾತ್ರಿ ಊಟವಾದ ಮೇಲೆ ನಾವೆಲ್ಲ ಕುಳಿತು ಇದನ್ನು ವಿಚಾರಿಸಿದೆವು. ನಮ್ಮ ಮನೆಯಾಕೆ ಮೊದಲು ಕೇಳಿದ್ದು, “ಬ್ಲೂಟೂತ್ ಎಂದರೆ ನೀಲಿ ಹಲ್ಲು ತಾನೆ? ಕಿವಿಗೆ ಹಾಕುವುದಕ್ಕೆ ಹಲ್ಲಿನ ಹೆಸರೇಕೆ?” ಎಂದು. ಪ್ರಶ್ನೆ ನ್ಯಾಯವಾದದ್ದೇ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ರಾಜನಿಗೆ ಆ ಅಡ್ಡಹೆಸರಿತ್ತು. ಬೇರೆ ಬೇರೆಯಾಗಿದ್ದ ಜನರನ್ನು ಒಂದುಗೂಡಿಸಿದವನು ಆತ. ಬೇರೆ ಬೇರೆ ಯಂತ್ರಗಳನ್ನು ತಂತಿಯಿಲ್ಲದೆ ಒಂದುಗೂಡಿಸುವ ವ್ಯವಸ್ಥೆಗೆ ಅವನ ಹೆಸರನ್ನು 1997ರಲ್ಲಿ ಇಂಟೆಲ್ ಕಂಪೆನಿಯ ಎಂಜಿನಿಯರೊಬ್ಬರು ಸೂಚಿಸಿದರು, ಅದೇ ನಿಂತಿತು.

ಹೆಲ್ಮೆಟ್ಟುಗಳ ನಡುವೆ ಮಾತು ಸಾಗುವುದು ರೇಡಿಯೋ ಅಲೆಗಳ ಮೂಲಕ, ನೇರವಾಗಿ. ನಡುವೆ ಮೊಬೈಲ್ ಗೋಪುರ ಬೇಕಾಗಿಲ್ಲ. ಆದುದರಿಂದ ಚಾರ್ಮಾಡಿ ಘಾಟಿಯಲ್ಲಿ ಫೋನು ಮೂಕವಾದರೂ, ಹೆಪ್ಪುಗಟ್ಟಿದ ಸರೋವರದ ನಡುವೆ ಸಂಕೇತ ಸಿಕ್ಕದಿದ್ದರೂ, ಈ ಇಂಟರ್‌ಕಾಮ್ ಮಾತನಾಡುತ್ತದೆ. ಇದರಲ್ಲಿ ಎರಡು ಬಗೆ. ಹಳೆಯದು ಬ್ಲೂಟೂತಿನ ಸರಪಳಿ: ಮೊದಲನೆಯವನು ಎರಡನೆಯವನ ಕೈ ಹಿಡಿದಂತೆ, ಎರಡನೆಯವನು ಮೂರನೆಯವನ ಕೈ ಹಿಡಿದಂತೆ. ನಡುವಿನವನು ಹಿಂದುಳಿದರೆ ಸರಪಳಿ ಹರಿಯುತ್ತದೆ. ಹೊಸದು ‘ಮೆಶ್’ ಎಂಬ ಬಲೆ: ಪ್ರತಿಯೊಂದು ಹೆಲ್ಮೆಟ್ಟೂ ಉಳಿದವುಗಳೊಡನೆ ಸಂಬಂಧವಿಟ್ಟುಕೊಳ್ಳುತ್ತದೆ, ಒಂದು ಎಳೆ ಕಡಿದರೆ ಮಾತು ಇನ್ನೊಂದು ಎಳೆಯಿಂದ ಬರುತ್ತದೆ. ಕಾರ್ಡೊ ಕಂಪೆನಿ ಸವಾರರಿಗೆ ಇಂಥ ಬಲೆಯನ್ನು 2015ರಲ್ಲಿ ತಂದಿತು. ಸೇನಾ ಎಂಬ ಇನ್ನೊಂದು ಹೆಸರಾಂತ ಕಂಪೆನಿಯೂ ಅದೇ ದಾರಿ ಹಿಡಿಯಿತು.

ಹಾಗಾದರೆ ಬಲೆಯೇ ಮೇಲಲ್ಲವೆ ಎಂದು ಕೇಳಬಹುದು. ಯಾರೊಡನೆ ಮಾತು ಎಂಬುದರ ಮೇಲೆ ಅದು ನಿಂತಿದೆ. ಐದಾರು ಗಾಡಿಗಳ ಗುಂಪು ಕಾಡಿನಲ್ಲಿ ಹಿಂದೆ ಮುಂದೆ ಚದುರಿ ಹೋಗುವುದಾದರೆ ಮೆಶ್ ಬೇಕೇಬೇಕು. ಗಂಡ ಹೆಂಡಿರು ಒಂದೇ ಗಾಡಿಯಲ್ಲಿ ಕುಳಿತವರಾದರೆ, ‘ಒಂದೂವರೆ ಕಿಲೋಮೀಟರು ದೂರ ಕೇಳಿಸುತ್ತದೆ’ ಎಂಬ ಜಾಹೀರಾತಿಗೆ ಹೆಚ್ಚು ಹಣ ಸುರಿಯುವುದು ವ್ಯರ್ಥ. ಒಂದು ಗೇಣು ದೂರ ಸ್ಪಷ್ಟವಾಗಿ ಕೇಳಿಸಿದರೆ ಸಾಕು. ಅಲ್ಲದೆ ಆ ದೂರದ ಲೆಕ್ಕವೆಲ್ಲ ಬಟ್ಟಬಯಲಿನದು. ನಡುವೆ ಗುಡ್ಡ, ಮರ, ತಿರುವು ಬಂದರೆ ಬಹಳಷ್ಟು ಕುಗ್ಗುತ್ತದೆ. ಇನ್ನೊಂದು ಎಚ್ಚರಿಕೆ: ಒಂದು ಕಂಪೆನಿಯ ಬಲೆಗೆ ಇನ್ನೊಂದು ಕಂಪೆನಿಯ ಯಂತ್ರ ಸಾಮಾನ್ಯವಾಗಿ ಸೇರುವುದಿಲ್ಲ. ಬ್ಲೂಟೂತಿನ ಮೂಲಕ ಹೇಗೋ ಜೋಡಿಸಬಹುದಾದರೂ ಅದು ಒಲ್ಲದ ಸಂಬಂಧ. ಜೊತೆಗಾರರು ಯಾವುದನ್ನು ಬಳಸುತ್ತಾರೆಂದು ವಿಚಾರಿಸಿ ಅದನ್ನೇ ಕೊಳ್ಳುವುದು ಜಾಣತನ.

ಎರಡನೆಯದು ಕಿವಿ. ವೇಗ ಗಂಟೆಗೆ ಎಂಬತ್ತು ಕಿಲೋಮೀಟರು ದಾಟಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬೆಲ್ಲನ್ನು ಮೀರುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂದೂ, ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧ ಅರ್ಧ ಇಳಿಯುವುದೆಂದೂ ತಜ್ಞರ ಲೆಕ್ಕ. ಅಂದರೆ 94ಕ್ಕೆ ಒಂದೇ ಗಂಟೆ. ಈ ಗಾಳಿಯ ಸದ್ದನ್ನು ಮೀರಿಸಲು ಹಾಡನ್ನು ಏರಿಸುತ್ತ ಹೋಗುವವನು ಒಂದು ಶತ್ರುವನ್ನು ಓಡಿಸಲು ಎರಡನೆಯ ಶತ್ರುವನ್ನು ಮನೆಗೆ ಕರೆದಂತೆ. ಚೆನ್ನಾಗಿ ತಲೆಗೆ ಕೂಡುವ, ಸದ್ದು ಕಡಮೆ ಮಾಡುವ ಹೆಲ್ಮೆಟ್ಟು ಮೊದಲು. ಸ್ಪೀಕರಿನ ಹೆಸರು ಆಮೇಲೆ. ಸ್ಪೀಕರು ಕಿವಿಯ ರಂಧ್ರಕ್ಕೆ ನೇರವಾಗಿ ಕೂರಬೇಕು. ಒಂದು ಅಂಗುಲ ಅತ್ತಿತ್ತಾದರೂ ಉತ್ತಮವಾದ ಯಂತ್ರ ಸಾಧಾರಣವಾಗಿ ಕೇಳಿಸುತ್ತದೆ. ‘ಯಂತ್ರ ಸರಿಯಿಲ್ಲ’ ಎಂದು ಹಿಂದಿರುಗಿಸುವ ಮೊದಲು ಅದನ್ನು ಸರಿಸಿ ನೋಡುವುದು ಲೇಸು. ಆದರೆ ಜಾಗ ಮಾಡಲೆಂದು ಹೆಲ್ಮೆಟ್ಟಿನ ಒಳಗಿನ ಗಟ್ಟಿ ಬೆಂಡನ್ನು ಯಾವ ಕಾರಣಕ್ಕೂ ಕೊರೆಯಬಾರದು. ಬಿದ್ದಾಗ ಪೆಟ್ಟನ್ನು ತಾನು ನುಂಗಿ ತಲೆಯನ್ನು ಉಳಿಸುವುದು ಅದೇ. ನಮ್ಮಲ್ಲಿ 2021ರ ಜೂನ್‌ನಿಂದ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಗುರುತಿರುವುದನ್ನು ಕೊಂಡು ಒಳಗೆ ಚಾಕು ಆಡಿಸಿದರೆ ಗುರುತಿಗೆ ಅರ್ಥವೇನು? ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಆದುದರಿಂದ ಎರಡನೆಯ ಹೆಡ್‌ಸೆಟ್ಟಿಗೆ ಜಾಗ ಮನೆಯಲ್ಲಿ ಆಗಲೇ ಸಿದ್ಧವಾಗಿದೆ.

ಮೂರನೆಯದು ಚಳಿ. ಇದು ನಮ್ಮವರಿಗಿಂತ ಹಿಮದೇಶದವರಿಗೆ ಮುಖ್ಯ. ಗುಲ್ಮಾರ್ಗಕ್ಕೋ ಲಡಾಖಿಗೋ ಹೋಗುವ ನಮ್ಮ ಹುಡುಗರಿಗೂ ಬೇಕಾದದ್ದು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗನೆ ಸೊರಗುತ್ತದೆ. ಡಬ್ಬಿಯ ಮೇಲೆ ಹತ್ತು ಹನ್ನೆರಡು ಗಂಟೆಯೆಂದು ಬರೆದಿದ್ದರೆ ಹಿಮದಲ್ಲಿ ಅಷ್ಟನ್ನು ನಂಬಬಾರದು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದಕ್ಕೆ ವಿದ್ಯುತ್ತು ತುಂಬಿದರೆ ಬ್ಯಾಟರಿ ಕೆಡುತ್ತದೆ. ಮನೆಯೊಳಗೆ ತಂದು, ಬೆಚ್ಚಗಾದ ಮೇಲೆ ತುಂಬಬೇಕು. ಬಾಯಿ ಮುಚ್ಚುವ ಹೆಲ್ಮೆಟ್ಟಿಗೆ ಗುಂಡಿಯಂಥ ಮೈಕು, ಬಾಯಿ ತೆರೆದ ಹೆಲ್ಮೆಟ್ಟಿಗೆ ಕಡ್ಡಿಯ ತುದಿಯ ಮೈಕು ಹೊಂದುತ್ತದೆ. ಹಿಮದಲ್ಲಿ ಉಸಿರಿನ ತೇವ ಮೈಕಿನ ಮೇಲೆ ಹೆಪ್ಪುಗಟ್ಟುವುದರಿಂದ ಉಸಿರು ನೇರವಾಗಿ ತಾಕದ ಜಾಗವನ್ನು ಹುಡುಕಬೇಕು. ಗುಂಡಿಗಳನ್ನು ಅಂಗಡಿಯಲ್ಲಿ ಬರಿಗೈಯಿಂದ ಒತ್ತಿ ನೋಡಿ ಮೆಚ್ಚುವುದು ತಪ್ಪು. ದಪ್ಪ ಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಹೆಲ್ಮೆಟ್ಟನ್ನು ತಲೆಯ ಮೇಲೆಯೇ ಇಟ್ಟು ಒತ್ತಬೇಕು. ಮಲೆನಾಡಿನವರು ಚಳಿಯ ಬದಲು ಮಳೆಯನ್ನು ನೆನೆಯಲಿ. ನೀರು ಹೊಗದಂತೆ ಮಾಡಿದ ಯಂತ್ರವೇ ಅವರಿಗೆ ತಕ್ಕುದು.

ಕೊನೆಯದು ಹಾಡು. ನಾನು ಹಾಡಿನ ವೈರಿಯಲ್ಲ. ಆದರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕೆಂಬ ಮರ್ಯಾದೆ ಯಂತ್ರಕ್ಕೂ ಇರಬೇಕು. ಹಿಂದಿನವರು ಮಾತನಾಡಿದೊಡನೆ ಹಾಡು ತಾನಾಗಿ ತಗ್ಗಬೇಕು. ದಾರಿ ಹೇಳುವ ಧ್ವನಿಗೂ ಅದು ತಗ್ಗಬೇಕು. ಕೆಲವು ಯಂತ್ರಗಳಲ್ಲಿ ಇದನ್ನು ನಾವೇ ಗೊತ್ತುಪಡಿಸಿಕೊಳ್ಳಬಹುದು. ಕೊಳ್ಳುವಾಗ ಅಂಗಡಿಯವನು ಹಾಡು ಹಾಕಿ ತೋರಿಸುತ್ತಾನೆ. ನಾವು ಮಾತು ಆಡಿಸಿ ನೋಡಬೇಕು. ದೂರವಾಣಿಯ ಕರೆಗಳನ್ನಂತೂ ಓಡುವ ಗಾಡಿಯ ಮೇಲೆ ದೂರವಿಡುವುದೇ ಕ್ಷೇಮ. 2019ರ ತಿದ್ದುಪಡಿಯಾದ ಮೇಲೆ, ಗಾಡಿ ನಡೆಸುತ್ತ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ನಮ್ಮ ಕಾನೂನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿದೆ. ಕೈ ಬಿಡುವಾಗಿದ್ದರೆ ಸಾಲದು, ಮನಸ್ಸೂ ಬಿಡುವಾಗಿರಬೇಕೆಂಬುದನ್ನು ಕಾನೂನು ಹೇಳುವವರೆಗೆ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಇದ್ದರೂ ಯಂತ್ರ ಒಂದು ದಿನ ಕೈಕೊಡುತ್ತದೆ. ಹಿಮಗಾಡಿಯ ಸವಾರರಲ್ಲಿಯೂ ಕೈಸನ್ನೆಗಳುಂಟೆಂದು ಹುಡುಗ ತಿಳಿಸಿದ: ಕೈಯನ್ನು ನೇರವಾಗಿ ಮೇಲೆತ್ತಿದರೆ ‘ನಿಲ್ಲುತ್ತೇನೆ’ ಎಂದು, ನನ್ನ ಹಿಂದೆ ಇನ್ನೂ ಗಾಡಿಗಳಿವೆ, ನಾನೇ ಕೊನೆಯವನು ಎಂಬುದಕ್ಕೂ ಬೇರೆ ಬೇರೆ ಸನ್ನೆಗಳು. ಅದನ್ನು ಕೇಳಿ ನಮ್ಮ ಮನೆಯಾಕೆ ಹಿಗ್ಗಿದಳು. “ನೋಡಿದೆಯಾ, ನಾವೂ ಅದನ್ನೇ ಮಾಡುತ್ತಿದ್ದದ್ದು” ಎಂದು ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಭುಜದ ಭಾಷೆಯ ಪಾಠವನ್ನು ಆರಂಭಿಸಿದಳು. ದಪ್ಪ ಬಟ್ಟೆಯ ಮೇಲೆ ತಟ್ಟಿದರೆ ತಿಳಿಯದಾದ್ದರಿಂದ ಪಕ್ಕೆಗೆ ಮೊಣಕಾಲಿನಿಂದ ತಿವಿಯುವುದೆಂದು ಅಲ್ಲಿಯೇ ತಿದ್ದುಪಡಿಯೂ ಆಯಿತು.

ಮೊನ್ನೆ ಸಂಕ್ರಾಂತಿಯ ದಿನ ಕೆನಡಾದಿಂದ ಕರೆ ಬಂದಿತ್ತು. ಎಳ್ಳುಬೆಲ್ಲದ ಮಾತಾದ ಮೇಲೆ ಸೊಸೆ ಹೇಳಿದಳು: ಎರಡನೆಯ ಹೆಡ್‌ಸೆಟ್ಟು ಬಂದಿದೆ, ಅದೇ ಕಂಪೆನಿಯದು. ಹಿಂದಿನ ಭಾನುವಾರ ಕಾಡಿನ ದಾರಿಯಲ್ಲಿ ಅದನ್ನು ಮೊದಲ ಬಾರಿಗೆ ಬಳಸಿದರಂತೆ. ಹೊರಟು ಹತ್ತು ನಿಮಿಷದಲ್ಲಿ ಅವಳ ಎಡಗಾಲಿನ ಬೆರಳುಗಳು ಮರಗಟ್ಟಿ ಸ್ಪರ್ಶವೇ ಇಲ್ಲದಂತಾಯಿತು. ಆ ದೇಶದ ಚಳಿಯಲ್ಲಿ ಅದು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ. “ಮೊದಲಾಗಿದ್ದರೆ ಇವರು ನಿಲ್ಲಿಸುವವರೆಗೆ ಸುಮ್ಮನೆ ಕುಳಿತಿರುತ್ತಿದ್ದೆ ಮಾವ. ಈ ಸಲ ಮೆಲ್ಲಗೆ ಹೇಳಿದೆ, ಅಷ್ಟೇ. ಕೂಡಲೇ ಗಾಡಿ ತಿರುಗಿಸಿದರು.”

“ಹಾಡು?” ಎಂದು ಕೇಳಿದೆ.

“ಇತ್ತು. ನಾನು ಬಾಯಿ ತೆರೆದ ಕೂಡಲೇ ತಾನೇ ತಗ್ಗಿತು.”

ಈ ಸುದ್ದಿಯನ್ನು ನಮ್ಮ ಮನೆಯಾಕೆಗೆ ಹೇಳಿದಾಗ ಅವಳು ಅಡುಗೆಮನೆಯಿಂದಲೇ, “ಅಂಥದು ಮನೆಯೊಳಗೆ ಹಾಕಿಕೊಳ್ಳುವುದಕ್ಕೂ ಸಿಕ್ಕುತ್ತದೆಯೇ ಕೇಳಿ” ಎಂದಳು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು ಎದ್ದೆ.